ಸಾರಿಗೆ ಉಪ್ಪು, ಮಾತಿಗೆ ಶ್ಲೇಷೆ

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಊಟವನ್ನೂ ಮಾತನ್ನೂ ಹೀಗೆ ಒಂದೇ ಪಂಕ್ತಿಯಲ್ಲಿ ಕೂರಿಸಿದ ನಮ್ಮ ಹಿರಿಯರ ಅನುಭವ ದೊಡ್ಡದು. ಎರಡೂ ನಾಲಗೆಯ ವ್ಯಾಪಾರವೇ ಅಲ್ಲವೆ? ಒಂದು ನಾಲಗೆಯ ಮೇಲಿಂದ ಒಳಕ್ಕೆ ಹೋಗುತ್ತದೆ. ಇನ್ನೊಂದು ಅದೇ ನಾಲಗೆಯ ಮೇಲಿಂದ ಹೊರಕ್ಕೆ ಬರುತ್ತದೆ. ಹೋಗುವುದೂ ಬರುವುದೂ ದಾರಿಯಲ್ಲಿ ಒಂದಕ್ಕೊಂದು ಎದುರಾಗಿ ಒಂದು ಕ್ಷಣ ಯಾವುದು ಊಟ, ಯಾವುದು ಮಾತು ಎಂಬುದೇ ತಿಳಿಯದಂತಾದರೆ, ಆಗ ಹುಟ್ಟುವ ವಿನೋದಕ್ಕೆ ಶ್ಲೇಷೆ ಎಂದು ಹೆಸರು. ಊಟದೆಲೆಯ ಮೇಲಿನ ಇಂಥ ಕೆಲವು ಶ್ಲೇಷೆಗಳನ್ನು ಬಿಡಿಸಿ ನೋಡುವುದು, ಮುರುಕಾದುವನ್ನು ಸಾಧ್ಯವಾದರೆ ರಿಪೇರಿ ಮಾಡುವುದು, ಇಷ್ಟೇ ಈ ಭಾಷಣದ ಉದ್ದೇಶ.

ನಗೆಮಾತನ್ನು ಬಿಡಿಸಿ ಹೇಳಿದರೆ ನಗೆ ಉಳಿಯುವುದಿಲ್ಲವೆಂದು ನೀವು ಆಕ್ಷೇಪಿಸಬಹುದು. ನಿಜ. ಹೂರಣವನ್ನು ಒಂದು ಕಡೆ, ಕಣಕವನ್ನು ಒಂದು ಕಡೆ ಇಟ್ಟು "ತಿನ್ನಿ" ಎಂದರೆ ಅದು ಹೋಳಿಗೆಯಾಗದು. ಆದರೆ ಹೋಳಿಗೆ ಮಾಡುವುದನ್ನು ಕಲಿಯಬೇಕೆನ್ನುವವರು ಹೂರಣವನ್ನೂ ಕಣಕವನ್ನೂ ಒಮ್ಮೆಯಾದರೂ ಬೇರೆ ಬೇರೆಯಾಗಿ ನೋಡಲೇಬೇಕು. ಮೂವತ್ತು ವರ್ಷಗಳಿಂದ ಹೈಸ್ಕೂಲಿನ ಮಕ್ಕಳಿಗೆ ಸಂಧಿ, ಸಮಾಸ, ವಿಭಕ್ತಿಗಳನ್ನು ಹೇಳಿಕೊಡುತ್ತ ಬಂದಿರುವ ನನಗೆ ಈ ಬೇರ್ಪಡಿಸುವ ಕೆಲಸವೇ ಹೊಟ್ಟೆಪಾಡು. ಇನ್ನೊಂದು ಮಾತು. ಶ್ಲೇಷೆ ಕಿವಿಯ ಸೊತ್ತು. ಬರೆಯುವಾಗ ನಾವು ಪದಪದಗಳ ನಡುವೆ ಜಾಗ ಬಿಡುತ್ತೇವೆ. ಆಡುವಾಗ ಆ ಜಾಗವಿಲ್ಲ. ಆದುದರಿಂದ ರೇಡಿಯೋದ ಮುಂದೆ ಕುಳಿತವರಿಗೆ ಶ್ಲೇಷೆ ಬೇಗ ದಕ್ಕುತ್ತದೆ. ಇದನ್ನು ಅಚ್ಚಿನಲ್ಲಿ ಓದುತ್ತಿರುವ ನೀವು ಉದಾಹರಣೆಗಳನ್ನು ಒಮ್ಮೆ ಗಟ್ಟಿಯಾಗಿ ಓದಿಕೊಳ್ಳಿ. ಮನೆಯವರು ಏನೆಂದುಕೊಳ್ಳುವರೋ ಎಂಬ ಸಂಕೋಚ ಬೇಡ, ಅವರಿಗೂ ಕೇಳಲಿ.

'ಶ್ಲೇಷೆ' ಎಂದರೆ ಅಪ್ಪುಗೆ. ಒಂದು ಶಬ್ದವನ್ನು ಎರಡು ಅರ್ಥಗಳು ಅಪ್ಪಿಕೊಂಡಿರುವುದು. ಹಿಂದಿನ ಕವಿಗಳಿಗೆ ಇದು ದೊಡ್ಡ ವಿದ್ಯೆ. ಧನಂಜಯನೆಂಬ ಜೈನಕವಿ ಸಂಸ್ಕೃತದಲ್ಲಿ ದ್ವಿಸಂಧಾನಕಾವ್ಯವನ್ನು ಬರೆದು, ಒಂದೇ ಪದ್ಯಗಳಲ್ಲಿ ರಾಮಾಯಣವನ್ನೂ ಮಹಾಭಾರತವನ್ನೂ ಹೇಳಿ ಮುಗಿಸಿದ. ನಮಗೆ ಅಷ್ಟು ಶಕ್ತಿ ಬೇಡ. ಒಂದು ಉಪ್ಪಿಟ್ಟು, ಒಂದು ಇಡ್ಲಿ ಸಾಕು. ಎಚ್ಚರಿಕೆಯ ಮಾತೊಂದನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ. 'ಶ್ಲೇಷೆ'ಯೂ 'ಶ್ಲೇಷ್ಮ'ವೂ ಒಂದೇ ಧಾತುವಿನ ಮಕ್ಕಳು. ಹೆಚ್ಚಾದರೆ ಎರಡರಿಂದಲೂ ಪಕ್ಕದಲ್ಲಿ ಕುಳಿತವರಿಗೆ ಕಷ್ಟ.

ಆಲಂಕಾರಿಕರು ಶ್ಲೇಷೆಯಲ್ಲಿ ಎರಡು ಬಗೆ ಹೇಳಿದ್ದಾರೆ: ಅಭಂಗ, ಸಭಂಗ. ಶಬ್ದವನ್ನು ಮುರಿಯದೆಯೇ ಎರಡು ಅರ್ಥ ಬಂದರೆ ಅಭಂಗ; ಒಂದು ಅರ್ಥಕ್ಕೆ ಒಂದು ಕಡೆ, ಇನ್ನೊಂದು ಅರ್ಥಕ್ಕೆ ಇನ್ನೊಂದು ಕಡೆ ಮುರಿಯಬೇಕಾದರೆ ಸಭಂಗ. ಮುರಿಯದೆ ಬರುವುದಕ್ಕೆ ಹೋಟೆಲಿಗೇ ಹೋಗೋಣ. ನಾಲ್ಕು ಜನ ಸ್ನೇಹಿತರು ತಿಂಡಿ ತಿಂದು ಕಾಫಿ ಕುಡಿದಾಯಿತು. ಮಾಣಿ ಬಿಲ್ಲು ತಂದು ಮೇಜಿನ ನಡುವೆ ಇಟ್ಟ. ಎಲ್ಲರೂ ಸೀತಾಸ್ವಯಂವರಕ್ಕೆ ಬಂದ ರಾಜರಂತೆ ತಲೆ ತಗ್ಗಿಸಿ ಕುಳಿತರು. ಬಿಲ್ಲನ್ನು ಎತ್ತುವ ಧೈರ್ಯ ಒಬ್ಬರಿಗೂ ಇಲ್ಲ! ಇಲ್ಲಿ 'ಬಿಲ್ಲು' ಎಂಬುದನ್ನು ಎಲ್ಲಿಯೂ ಮುರಿಯಬೇಕಾಗಿಲ್ಲ. ಇಂಗ್ಲಿಷಿನಿಂದ ಬಂದ ಬಿಲ್ಲು, ಮಿಥಿಲೆಯಿಂದ ಬಂದ ಬಿಲ್ಲು ಎರಡೂ ಹಾಗೆಹಾಗೆಯೇ ಕುಳಿತಿವೆ. 'ಬಿಲ್ಲು' ಎಂಬಲ್ಲಿ 'ಧನುಸ್ಸು' ಎಂದು ಹಾಕಿ ನೋಡಿ, ನಗೆ ಹಾರಿಹೋಗುತ್ತದೆ. ಪದವನ್ನು ಬದಲಾಯಿಸಿದರೆ ಸತ್ತುಹೋಗುವುದು ಶಬ್ದಶ್ಲೇಷೆ ಎಂಬ ಪರೀಕ್ಷೆ ಇದೇ.

ಇನ್ನು ಮುರಿಯುವ ಜಾತಿ. ಹೊಸ ಅಳಿಯನೊಬ್ಬ ದೀಪಾವಳಿಗೆ ಮಾವನ ಮನೆಗೆ ಹೋಗಿ ಬಂದ. "ಹೇಗಿತ್ತಯ್ಯ ಉಪಚಾರ?" ಎಂದು ಗೆಳೆಯ ಕೇಳಿದ. "ಏನು ಹೇಳಲಿ! ಭಾವಮೈದುನರಿಬ್ಬರೂ ಎರಡು ಕೈ ಹಿಡಿದುಕೊಂಡರು, ಬೇಡ ಬೇಡ ಎಂದು ಕೂಗಿಕೊಂಡರೂ ಬಿಡದೆ ಅತ್ತೆಯವರು ಬಡಿಸಿದರು" ಎಂದ ಅಳಿಯ. ಎಲೆಗೆ ಕೈ ಅಡ್ಡ ಹಿಡಿಯುವ ಅತಿಥಿಯನ್ನು ಬಲ್ಲ ನಿಮಗೆ ಮೊದಲನೆಯ ಅರ್ಥ ಹೊಳೆಯುತ್ತದೆ. 'ಬಡಿ' ಧಾತುವಿಗೆ ಪ್ರೇರಣಾರ್ಥದ 'ಇಸು' ಹಚ್ಚಿದರೆ ಎರಡನೆಯ ಅರ್ಥವೂ ಬೆನ್ನಮೇಲೆ ಬೀಳುತ್ತದೆ.

'ಉಪ್ಪಿಟ್ಟು' ಇನ್ನೂ ಸುಲಭ. ಗಿರಾಕಿ ಗದರಿದ: "ಏನಯ್ಯ ಇದು, ಉಪ್ಪಿಟ್ಟಿನಲ್ಲಿ ಉಪ್ಪೇ ಇಲ್ಲ!" ಮಾಣಿ ಮೇಜಿನ ಮೇಲಿನ ಉಪ್ಪಿನ ಬಟ್ಟಲನ್ನು ತೋರಿಸಿ ವಿನಯದಿಂದ ಹೇಳಿದ: "ತಟ್ಟೆ ಇಡುವ ಮೊದಲೇ ಉಪ್ಪಿಟ್ಟು ಹೋಗಿದ್ದೇನಲ್ಲ ಸ್ವಾಮಿ." ಉಪ್ಪು ಮತ್ತು ಇಟ್ಟು ಸೇರಿ ಉಪ್ಪಿಟ್ಟು. 'ಪ್ಪು' ಎಂಬಲ್ಲಿನ ಉಕಾರ ಲೋಪವಾಯಿತು; ಲೋಪಸಂಧಿ. ಅಡಿಗೆಯವನ ಲೋಪವನ್ನು ಸಂಧಿಯ ಲೋಪ ಮುಚ್ಚಿಹಾಕಿತು.

ಇಡ್ಲಿಯ ಕಥೆಯಲ್ಲಿ ಸ್ವಲ್ಪ ಚರಿತ್ರೆಯೂ ಇದೆ. "ಇಡ್ಲಿ ಎಲ್ಲಿಡ್ಲಿ?" ಎಂದು ಕೈತುಂಬ ತಟ್ಟೆ ಹೊತ್ತ ಮಾಣಿ ಕೇಳುತ್ತಾನೆ. "ಇಡ್ಲಿ ಇಲ್ಲಿಡ್ಲಿ, ಬಿಲ್ಲು ಅಲ್ಲಿಡ್ಲಿ" ಎಂದು ಪಕ್ಕದವನನ್ನು ತೋರಿಸುತ್ತಾನೆ ಗಿರಾಕಿ. 'ಇಡಲಿ' ಎಂಬುದು ಆಡುಮಾತಿನಲ್ಲಿ 'ಇಡ್ಲಿ' ಆಗುವುದರಿಂದ ಈ ಚಮತ್ಕಾರ. ಆದರೆ ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲಿ ಈ ತಿಂಡಿಯ ಹೆಸರು 'ಇಡ್ಡಲಿಗೆ'. ಆಗಿನ ಕಾಲದ ವಿನೋದಪ್ರಿಯರಿಗೆ ಈ ಶ್ಲೇಷೆ ದಕ್ಕುವಂತಿರಲಿಲ್ಲ. ಇಡ್ಡಲಿಗೆ ತನ್ನ ಬಾಲದ 'ಗೆ'ಯನ್ನು ಕಳೆದುಕೊಂಡು ಇಡ್ಲಿಯಾಗುವವರೆಗೆ ನಗೆ ಕಾದಿರಬೇಕಾಯಿತು. ಶ್ಲೇಷೆ ಶಬ್ದದ ಹುಟ್ಟನ್ನು ಹೇಳುವುದಿಲ್ಲವೆಂಬುದಕ್ಕೂ ಇದೇ ಸಾಕ್ಷಿ. 'ಇಡುವುದರಿಂದ ಇಡ್ಲಿ' ಎಂದು ಯಾರಾದರೂ ಪರೀಕ್ಷೆಯಲ್ಲಿ ಬರೆದರೆ ನಾನು ನಗುತ್ತೇನೆ, ಅಂಕ ಕೊಡುವುದಿಲ್ಲ.

ಇನ್ನು ರಿಪೇರಿಯ ಮಾತು. ನನ್ನ ತರಗತಿಯ ಹುಡುಗನೊಬ್ಬ ಒಮ್ಮೆ "ಉಂಡೆ ಉಂಡೆ" ಎಂಬುದನ್ನು ದೊಡ್ಡ ಶ್ಲೇಷೆಯೆಂದು ತಂದ. ಮೊದಲನೆಯದು ತಿನ್ನುವ ಉಂಡೆ, ಎರಡನೆಯದು ಉಣ್ಣುವ ಕ್ರಿಯೆ. ತಲೆದೂಗುವಂತೆ ಕಂಡರೂ ಇದರಲ್ಲಿ ಒಂದು ಕಲ್ಲು ಇದೆ. ಕನ್ನಡದಲ್ಲಿ ಉಂಡೆಯನ್ನು ತಿನ್ನುತ್ತೇವೆಯೇ ಹೊರತು ಉಣ್ಣುವುದಿಲ್ಲ. ಅನ್ನ ಉಣ್ಣುವುದು, ಮುದ್ದೆ ಉಣ್ಣುವುದು, ಉಂಡೆ ತಿನ್ನುವುದು. ಎರಡರಲ್ಲಿ ಒಂದು ಅರ್ಥ ನಮ್ಮ ದಿನದ ಮಾತಿಗೆ ಒಗ್ಗದಿದ್ದರೆ ಶ್ಲೇಷೆ ಕುಂಟುತ್ತದೆ. ಇದನ್ನು ಹೀಗೆ ಸರಿಮಾಡಬಹುದು. ಹುಡುಗ ಅಡಿಗೆಮನೆಯ ಮೂಲೆಯಲ್ಲಿ ಡಬ್ಬಿಗೆ ಕೈ ಹಾಕಿ ಬಾಯಿ ತುಂಬಿಕೊಂಡಿದ್ದಾನೆ. ಹೊರಗಿನಿಂದ ತಾಯಿ ಕೇಳುತ್ತಾಳೆ:

"ಊಟ ಆಯ್ತೇನೋ?"

"ಉಂಡೆ, ಅಮ್ಮ."

"ಏನು ಉಂಡೆ?"

"ರವೆ ಉಂಡೆ!"

ಈಗ ನೋಡಿ. ಕಲ್ಲು ಹೋಯಿತು. ತಾಯಿ ಕೇಳಿದ್ದು ಕ್ರಿಯಾಪದ, ಮಗ ಕೊಟ್ಟದ್ದು ನಾಮಪದ. 'ನಾನು ಉಂಡೆ', 'ನೀನು ಉಂಡೆ' ಎರಡಕ್ಕೂ ಕನ್ನಡದಲ್ಲಿ ರೂಪ ಒಂದೇ ಆಗಿರುವುದು ಇಲ್ಲಿ ನಮಗೆ ಉಪಕಾರವಾಯಿತು. ಜೊತೆಗೆ ಹುಡುಗ ಸುಳ್ಳು ಹೇಳಲೂ ಇಲ್ಲ. ಅವನ ಬಾಯಲ್ಲಿ ಇದ್ದದ್ದೂ ಉಂಡೆ, ಬಾಯಿಂದ ಬಂದದ್ದೂ ಉಂಡೆ. ಒಳ್ಳೆಯ ಶ್ಲೇಷೆಯ ಲಕ್ಷಣವೇ ಇದು: ಎರಡು ಅರ್ಥಗಳೂ ಒಂದೇ ಸಮಯಕ್ಕೆ ನಿಜವಾಗಿರಬೇಕು. ಈ ಲಕ್ಷಣವನ್ನು ನೆನಪಿಡಿ. ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಆದರೆ ನಮ್ಮ ಅಡಿಗೆಮನೆಯ ವಿನೋದಗಳ ದೊಡ್ಡ ಭಂಡಾರವಿರುವುದು ಒಂದೇ ಒಂದು ಅಕ್ಷರದಲ್ಲಿ. ಅದು 'ಗೆ'. 'ಅಡಿಗೆ' ಎಂಬ ಮಾತನ್ನೇ ತೆಗೆದುಕೊಳ್ಳಿ. 'ಅಡು' ಎಂದರೆ ಬೇಯಿಸು. ಅದಕ್ಕೆ 'ಗೆ' ಎಂಬ ಪ್ರತ್ಯಯ ಹತ್ತಿ 'ಅಡಿಗೆ' ಎಂಬ ನಾಮಪದವಾಯಿತು. ಉಡು, ಉಡಿಗೆ, ತೊಡು, ತೊಡಿಗೆ, ಹಾಸು, ಹಾಸಿಗೆ, ಇವೆಲ್ಲ ಅದೇ ಕುಲದವು. ಆದರೆ 'ಅಡಿ' ಎಂದರೆ ತಳ ಎಂಬ ಅರ್ಥವೂ ಉಂಟಲ್ಲ. ಅದಕ್ಕೆ ಚತುರ್ಥೀ ವಿಭಕ್ತಿಯ 'ಗೆ' ಹತ್ತಿದರೂ 'ಅಡಿಗೆ'ಯೇ. ಒಲೆಯ ಮೇಲೆ ಪಾತ್ರೆಯಿಟ್ಟು ಬೀದಿ ಬಾಗಿಲಲ್ಲಿ ಮಾತಿಗೆ ನಿಂತರೆ ಏನಾಗುತ್ತದೆ? ಅಡಿಗೆ ಅಡಿಗೆ ಹತ್ತುತ್ತದೆ! ಮೊದಲನೆಯದು ಕೃದಂತ, ಎರಡನೆಯದು ಚತುರ್ಥಿ. ವ್ಯಾಕರಣ ಸರಿ, ಪಾತ್ರೆ ತಿಕ್ಕುವವರ ಪಾಡು ಬೇರೆ.

ಕೃದಂತದ 'ಗೆ', ವಿಭಕ್ತಿಯ 'ಗೆ' ಎರಡಾದುವು. ಮೂರನೆಯ ದಾರಿಯೂ ಒಂದಿದೆ. ಸಂಸ್ಕೃತದ 'ಮಲ್ಲಿಕಾ' ಕನ್ನಡದಲ್ಲಿ ತದ್ಭವವಾಗಿ 'ಮಲ್ಲಿಗೆ'ಯಾಯಿತು. ಅಲ್ಲಿಯ ಕಕಾರವೇ ಇಲ್ಲಿ ಗಕಾರ. ಹೂವಿನಂತೆ ಮೆತ್ತಗಿರುವ ಇಡ್ಲಿಯನ್ನು ನಮ್ಮ ಹೋಟೆಲುಗಳಲ್ಲಿ 'ಮಲ್ಲಿಗೆ ಇಡ್ಲಿ' ಎನ್ನುತ್ತಾರೆ. ಹಾಗೆ ಬರೆದಿರುವ ಹಲಗೆಯನ್ನು ನೋಡಿ, ಮಲ್ಲಿಯ ಗಂಡ ಹೆಂಡತಿಯ ಕಡೆ ತಿರುಗಿ, "ನೋಡೇ, ಮಲ್ಲಿಗೆ ಇಡ್ಲಿಯಂತೆ, ನನಗೇನು ಅಂತ ಬರೆದೇ ಇಲ್ಲ" ಎಂದು ಕೊರಗಿದರೆ, ಅವನ ದುಃಖಕ್ಕೆ ತದ್ಭವವೇ ಕಾರಣ.

'ಗೆ'ಯ ಪರಾಕಾಷ್ಠೆ ಎಂದರೆ ಹೋಳಿಗೆ. ಉತ್ತರ ಕರ್ನಾಟಕದ ಕಡೆ ಹೋಳಿ ಹುಣ್ಣಿಮೆಗೆ ಹೋಳಿಗೆ ಮಾಡುವ ವಾಡಿಕೆಯುಂಟು. 'ಹೋಳಿ ಹಬ್ಬಕ್ಕೆ ಹೋಳಿಗೆ' ಎಂದು ಸಾಮಾನ್ಯವಾಗಿ ಹೇಳಿ ನಗುತ್ತಾರೆ. ಇದು ಸಪ್ಪೆ. 'ಹಬ್ಬಕ್ಕೆ' ಎಂದು ಬಿಡಿಸಿ ಹೇಳಿದ್ದರಿಂದ 'ಹೋಳಿಗೆ' ಎಂಬ ಚತುರ್ಥಿ ತಪ್ಪಿಹೋಯಿತು. ರಿಪೇರಿ ಮಾಡೋಣ. ತಿಂಡಿಯ ಅಂಗಡಿಯೊಂದರಲ್ಲಿ ಹೀಗೆ ಬರೆದಿದೆಯೆಂದು ಭಾವಿಸಿ: "ಹೋಳಿಗೆ ಮಾಡಿದ ಹೋಳಿಗೆ: ಹೋಳಿಗೆ 10 ರೂಪಾಯಿ." ಮೊದಲನೆಯದು ಹಬ್ಬ, ಹೋಳಿಗೆ ಎಂದು. ಎರಡನೆಯದು ಸಾಕ್ಷಾತ್ ಹೋಳಿಗೆ. ಮೂರನೆಯದು 'ಹೋಳು' ಎಂಬುದರ ಚತುರ್ಥಿ. ಒಂದು ತುಂಡಿಗೆ 10 ರೂಪಾಯಿ. ಮೂರು ಸಲ ಕೇಳಿದ ಮೇಲೆ ನಾಲ್ಕನೆಯ ಸಲಕ್ಕೆ ಬಾಯಲ್ಲಿ ನೀರೂರದಿದ್ದರೆ ವ್ಯಾಕರಣದ ತಪ್ಪಲ್ಲ.

ಕೊನೆಯದಾಗಿ 'ಸಾರಿಗೆ'. 'ಸಾರು' ಎಂಬ ಧಾತುವಿಗೆ ಹೋಗು, ಸಮೀಪಿಸು ಎಂಬ ಅರ್ಥಗಳಿವೆ; ಅದಕ್ಕೆ 'ಗೆ' ಹತ್ತಿ ಬಸ್ಸು ಲಾರಿಗಳ 'ಸಾರಿಗೆ'ಯಾಯಿತು. ಅನ್ನಕ್ಕೆ ಹಾಕಿಕೊಳ್ಳುವ ಸಾರಿನ ಚತುರ್ಥಿಯೂ 'ಸಾರಿಗೆ'. ಆದುದರಿಂದ 'ಸಾರಿಗೆ ಇಲಾಖೆ' ಎಂಬ ಫಲಕವನ್ನು ಕಂಡಾಗಲೆಲ್ಲ, ಹುಳಿಗೆ ಯಾವ ಇಲಾಖೆ, ಮಜ್ಜಿಗೆಗೆ ಯಾವ ಇಲಾಖೆ ಎಂದು ಮನಸ್ಸು ತುಂಟತನ ಮಾಡುತ್ತದೆ.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಭಾಷಣ ನಗೆಯಲ್ಲೇ ಮುಗಿಯುತ್ತಿತ್ತು. ಆದರೆ ಶ್ಲೇಷೆಯ ವಿಷಯದಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳದಿದ್ದರೆ ಮೇಲಿನ ಪಾಠವೆಲ್ಲ ಅರ್ಧವಾಗುತ್ತದೆ.

ನಮ್ಮ ರಾಜ್ಯದಲ್ಲಿ 2002ರಲ್ಲಿ ಮೊದಲು ಈಶಾನ್ಯದ ಜಿಲ್ಲೆಗಳ ಪ್ರಾಥಮಿಕ ಶಾಲೆಗಳಲ್ಲಿ ಆರಂಭವಾದ ಅಕ್ಷರ ದಾಸೋಹದ ಬಿಸಿಯೂಟ ಮುಂದೆ ಕೆಲವು ವರ್ಷಗಳಲ್ಲಿ ಹೈಸ್ಕೂಲಿಗೂ ಬಂದಿತು. ಬಂದ ಹೊಸತು. ಒಂದು ಮಧ್ಯಾಹ್ನ ಜಗಲಿಯ ಮೇಲೆ ಮಕ್ಕಳು ಸಾಲಾಗಿ ಕುಳಿತಿದ್ದರು, ಮೇಲ್ವಿಚಾರಣೆ ನನ್ನದು. ಒಂಬತ್ತನೆಯ ತರಗತಿಯ ಹುಡುಗನೊಬ್ಬ, ಸಣ್ಣ ಕಾಲು ಕೈಗಳವನು, ಮಾತು ಕಡಿಮೆ, ತಟ್ಟೆಯನ್ನು ಮುಂದಕ್ಕೆ ಚಾಚಿ, "ಸಾರ್, ಸಾಲದು" ಎಂದ. ನನ್ನ ನಾಲಗೆ ಸುಮ್ಮನಿರಲಿಲ್ಲ. "ಸಾಲದ ಅನ್ನವೋ! ಹಾಗಾದರೆ ಯಾರ ಹತ್ತಿರ ತಂದೆಯಯ್ಯ ಈ ಸಾಲದ ಅನ್ನ?" ಎಂದುಬಿಟ್ಟೆ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಶ್ಲೇಷೆ ಅಚ್ಚುಕಟ್ಟಾಗಿತ್ತು ನೋಡಿ. 'ಸಾಲು' ಎಂಬ ಧಾತುವಿನ ನಿಷೇಧ ಕೃದಂತ 'ಸಾಲದ', ಎಂದರೆ ಸಾಕಾಗದ. 'ಸಾಲ' ಎಂಬ ನಾಮಪದದ ಷಷ್ಠಿಯೂ 'ಸಾಲದ', ಎಂದರೆ ಕಡ ತಂದ. ಒಂದಕ್ಷರದ ವ್ಯತ್ಯಾಸವಿಲ್ಲ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡು ಮುಂದೆ ಹೋದೆ.

ಮರುದಿನ ಆ ಹುಡುಗ ಊಟಕ್ಕೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಬೆಲ್ಲು ಹೊಡೆದಾಗ ಪುಸ್ತಕ ತೆರೆದುಕೊಂಡು ತರಗತಿಯಲ್ಲೇ ಕುಳಿತಿರುತ್ತಿದ್ದ. ಕೇಳಿದರೆ "ಹಸಿವಿಲ್ಲ ಸಾರ್" ಎನ್ನುತ್ತಿದ್ದ. ಮೂರನೆಯ ದಿನ ಅಡಿಗೆಯ ಹೆಂಗಸೇ ಬಂದು, "ಆ ಮಗ ಯಾಕೆ ಸಾರ್ ಉಣ್ಣಾಕೆ ಬರ್ತಿಲ್ಲ?" ಎಂದು ಕೇಳಿದಳು. ಅವನ ಊರಿನವರೇ ಆದ ನಮ್ಮ ಸಹೋದ್ಯೋಗಿಯೊಬ್ಬರಿಂದ ವಿಷಯ ತಿಳಿಯಿತು. ಎರಡು ವರ್ಷ ಮಳೆ ಕೈಕೊಟ್ಟು ಅವನ ತಂದೆ ಸಾಲಕ್ಕೆ ಬಿದ್ದಿದ್ದ. ಸಾಲದವರು ಬಾಗಿಲಿಗೆ ಬಂದು ನಿಂತು ಕೂಗಾಡುವುದು ಊರಿಗೆಲ್ಲ ಗೊತ್ತಿತ್ತು, ಪಂಕ್ತಿಯಲ್ಲಿ ನಕ್ಕ ಮಕ್ಕಳಿಗೂ ಗೊತ್ತಿತ್ತು, ಗೊತ್ತಿಲ್ಲದವನು ನಾನೊಬ್ಬ. ಒಳ್ಳೆಯ ಶ್ಲೇಷೆಯಲ್ಲಿ ಎರಡು ಅರ್ಥಗಳೂ ಒಂದೇ ಸಮಯಕ್ಕೆ ನಿಜವಾಗಿರಬೇಕೆಂದು ಮೊದಲು ಹೇಳಿದೆನಷ್ಟೆ. ಆ ಮನೆಯಲ್ಲಿ ಎರಡು ಅರ್ಥಗಳೂ ನಿಜವಾಗಿದ್ದುವು. ಅನ್ನ ಸಾಲದು, ಇದ್ದ ಅನ್ನ ಸಾಲದ್ದು. ನಾನು ಹಸಿದ ಮಗುವಿನ ತಟ್ಟೆಗೆ ವ್ಯಾಕರಣ ಬಡಿಸಿದ್ದೆ. ಬಡಿಸು ಎಂಬುದರ ಇನ್ನೊಂದು ಅರ್ಥ ಆ ದಿನ ನನಗೆ ಚೆನ್ನಾಗಿ ತಿಳಿಯಿತು.

ಒಬ್ಬನೇ ಸಿಕ್ಕಾಗ, "ತಪ್ಪಾಯಿತಪ್ಪ, ನನಗೆ ತಿಳಿಯದೆ ಆಡಿದೆ" ಎಂದೆ. ಅವನು ನೆಲ ನೋಡುತ್ತ ನಿಂತ. ಮಾತಿನಲ್ಲಿ ಮಾಡಿದ ಗಾಯ ಬರಿಯ ಮಾತಿನಿಂದ ಮಾಯುವುದಿಲ್ಲವೆಂದು ತೋರಿತು. ಶ್ಲೇಷೆಯನ್ನೇ ರಿಪೇರಿ ಮಾಡಬೇಕಾಗಿತ್ತು. ಹೇಗೆ? ಬೀಳುವ ಜಾಗವನ್ನು ಬದಲಾಯಿಸಿ. ಮರುದಿನ ಮಧ್ಯಾಹ್ನ ನಾನೂ ಒಂದು ತಟ್ಟೆ ಹಿಡಿದು, ಅವನನ್ನು ಕರೆದುಕೊಂಡು ಹೋಗಿ, ಪಂಕ್ತಿಯಲ್ಲಿ ಅವನ ಪಕ್ಕದಲ್ಲೇ ಕುಳಿತೆ. ಅನ್ನ ಸಾರು ಬಂತು. ತುಸು ಹೊತ್ತಿನ ಮೇಲೆ ತಟ್ಟೆಯನ್ನು ಮುಂದಕ್ಕೆ ಚಾಚಿ, ಎಲ್ಲರಿಗೂ ಕೇಳುವಂತೆ, "ಅಮ್ಮಾ, ಸಾಲದು" ಎಂದೆ. ಗಲಾಟೆಯಲ್ಲಿ ಆಕೆಗೆ ಕೇಳಿಸಲಿಲ್ಲ. ಆಗ ಪಕ್ಕದಿಂದ ಆ ಹುಡುಗ ದನಿಯೆತ್ತಿ ಕೂಗಿದ:

"ಅಕ್ಕಾ, ಸಾರಿಗೆ ಸಾರು ಸಾಲದಂತೆ!"

ಪಂಕ್ತಿ ಮತ್ತೆ ನಕ್ಕಿತು. ಈ ಸಲ ಅವನೂ ನಕ್ಕ. ನನಗೆ ನಗುವುದಕ್ಕಿಂತ ಮೊದಲು ಕಣ್ಣು ಒದ್ದೆಯಾಯಿತು. 'ಸಾರಿಗೆ' ಎಂಬುದಕ್ಕೆ ಬಸ್ಸಿನ ಅರ್ಥ ಬಲ್ಲೆ, ಹುಳಿಸಾರಿನ ಅರ್ಥ ಬಲ್ಲೆ. 'ಸಾರ್' ಎಂದು ಮಕ್ಕಳು ಕರೆಯುವ ಮೇಷ್ಟರಿಗೂ ಚತುರ್ಥೀ ವಿಭಕ್ತಿ ಹತ್ತುತ್ತದೆಂಬುದು ಅಷ್ಟು ವರ್ಷ ಪಾಠ ಹೇಳಿದ ನನಗೆ ಹೊಳೆದಿರಲಿಲ್ಲ. ಅವನು ಬೇಕೆಂದು ಆಡಿದನೋ, ಸಹಜವಾಗಿ ಬಂದ ಮಾತೋ, ನಾನು ಕೇಳಲಿಲ್ಲ. ಆ ದಿನ ಅವನು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡ. ಅಷ್ಟು ಸಾಕಾಗಿತ್ತು.

ಅಂದಿನಿಂದ ಶ್ಲೇಷೆಗೆ ನಾನು ಒಂದು ನಿಯಮ ಸೇರಿಸಿಕೊಂಡಿದ್ದೇನೆ. ಯಾವ ಅಲಂಕಾರಗ್ರಂಥದಲ್ಲೂ ಇದು ನನಗೆ ಸಿಕ್ಕಿದ್ದಲ್ಲ. ಶ್ಲೇಷೆಗೆ ಅರ್ಥ ಎರಡಾದರೂ ಕಿವಿಗಳು ಹಲವು. ಮಾತು ಬಾಯಿ ಬಿಡುವ ಮೊದಲು, ಎರಡನೆಯ ಅರ್ಥ ಯಾರ ತಟ್ಟೆಯಲ್ಲಿ ಬೀಳುತ್ತದೆ ಎಂದು ಒಮ್ಮೆ ನೋಡಿಕೊಳ್ಳಬೇಕು. ನೋಡಿಕೊಳ್ಳಲು ಪುರಸೊತ್ತಿಲ್ಲದಿದ್ದರೆ ನಮ್ಮ ತಟ್ಟೆಯಲ್ಲೇ ಬೀಳುವಂತೆ ಆಡುವುದು ಕ್ಷೇಮ. ಬಿಲ್ಲನ್ನು ಕಂಡು ತಲೆ ತಗ್ಗಿಸಿದವನು ನಾನು ಎನ್ನಿ. ಅಡಿಗೆ ಅಡಿಗೆ ಹತ್ತಿದ್ದು ನಮ್ಮ ಮನೆಯಲ್ಲಿ, ಒಲೆಯ ಮುಂದೆ ಇದ್ದವನು ನಾನೇ ಎನ್ನಿ. ನಗೆಗೆ ಏನೂ ಕೊರತೆಯಾಗುವುದಿಲ್ಲ. ಉಪ್ಪು ಸಾರಿಗೆ ರುಚಿ; ಅದೇ ಉಪ್ಪು ಗಾಯಕ್ಕೆ ಬಿದ್ದರೆ ಉರಿ.

ಇನ್ನು ನಿಮಗೊಂದು ಮನೆಗೆಲಸ. ಇಂದು ರಾತ್ರಿ ಊಟಕ್ಕೆ ಕುಳಿತಾಗ ಮಕ್ಕಳನ್ನು ಕರೆದು, ಎಲೆಯ ಮೇಲೆ ಬಂದ ಪದಾರ್ಥಗಳಲ್ಲಿ 'ಗೆ' ಹತ್ತಿದರೆ ಅರ್ಥ ಎರಡಾಗುವುದು ಯಾವುದೆಂದು ಹುಡುಕಿಸಿ. ನೀವು ಹೇಳುವುದಕ್ಕಿಂತ ಒಳ್ಳೆಯದನ್ನು ಅವರು ಹೇಳಿಯಾರು. ಹೇಳಿದರೆ ಮನಸಾರೆ ನಗಿ. ಊಟ ಬಲ್ಲವರಿಗೆ ರೋಗವಿಲ್ಲ, ಮಾತು ಬಲ್ಲವರಿಗೆ ಜಗಳವಿಲ್ಲ. ಎರಡನ್ನೂ ಒಟ್ಟಿಗೆ ಬಲ್ಲವರ ಮನೆಯಲ್ಲಿ ಅನ್ನವೂ ನಗೆಯೂ ಎಲ್ಲರಿಗೂ ಸಾಲುವಂತಿರಲಿ.